ವೇಗ ನಿಯಂತ್ರಣ ಮೊದಲಾಗಲಿ, ದಂಡದ ರಿಯಾಯಿತಿ ನಿಲ್ಲಲಿ

ಮಾನ್ಯ ಸಂಪಾದಕರೇ,

ನಗರದ ರಸ್ತೆಗಳಲ್ಲಿ ವೇಗ ಅಳೆಯುವ ಕ್ಯಾಮೆರಾಗಳನ್ನು ಹೆಚ್ಚಿಸುವ ಮಾತು ಬಂದಾಗಲೆಲ್ಲ ಓದುಗರ ಪತ್ರಗಳಲ್ಲೂ ಸುದ್ದಿವಾಹಿನಿಗಳ ಚರ್ಚೆಗಳಲ್ಲೂ ಒಂದೇ ಆಕ್ಷೇಪ ಕೇಳಿಬರುತ್ತದೆ. ದಂಡ ವಸೂಲಿಯೆಂಬುದು ಸರ್ಕಾರದ ಖಜಾನೆ ತುಂಬಿಸುವ ಉಪಾಯವಷ್ಟೇ, ಚಾಲಕರಿಗೆ ಸರಿಯಾದ ತರಬೇತಿ ಕೊಟ್ಟರೆ ಅಪಘಾತಗಳು ತಾವಾಗಿಯೇ ಕಡಿಮೆಯಾಗುತ್ತವೆ ಎಂಬುದೇ ಆ ಆಕ್ಷೇಪ. ಕೇಳುವುದಕ್ಕೆ ನ್ಯಾಯವಾಗಿಯೇ ಇರುವ ಈ ವಾದ ಆಳುವವರಿಗೂ ಹಿತವಾದದ್ದು. ತರಬೇತಿ ಕೇಂದ್ರವೊಂದನ್ನು ಉದ್ಘಾಟಿಸಿದರೆ ಯಾರೂ ಬೈಯುವುದಿಲ್ಲ, ಮನೆಗೆ ದಂಡದ ನೋಟಿಸ್ ಬಂದರೆ ಮತದಾರರು ಮುನಿಸಿಕೊಳ್ಳುತ್ತಾರೆ. ಆದರೆ ಈ ವಾದ ಕಾರಣವನ್ನೇ ತಪ್ಪಾಗಿ ಗುರುತಿಸಿದೆ ಎಂದು ತೋರಿಸುವುದು ಈ ಪತ್ರದ ಉದ್ದೇಶ.

ಬೆಂಗಳೂರು ನಗರದಲ್ಲಿ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಎಂಟುನೂರು, ಒಂಬತ್ತುನೂರು ಮಂದಿ ರಸ್ತೆ ಅಪಘಾತಗಳಲ್ಲಿ ಸಾಯುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಪಾದಚಾರಿಗಳು ಮತ್ತು ದ್ವಿಚಕ್ರ ವಾಹನಗಳಲ್ಲಿ ಹೋಗುವವರು. ಹಗಲಿನಲ್ಲಿ ಸಿಲ್ಕ್ ಬೋರ್ಡ್ ಅಥವಾ ಟಿನ್ ಫ್ಯಾಕ್ಟರಿಯ ಬಳಿ ಅತಿವೇಗದಲ್ಲಿ ಹೋಗಬೇಕೆಂದರೂ ಆಗದು, ವಾಹನ ದಟ್ಟಣೆಯೇ ಅಲ್ಲಿ ಪೊಲೀಸರ ಕೆಲಸ ಮಾಡುತ್ತದೆ. ರಾತ್ರಿ ಹತ್ತು ಗಂಟೆ ದಾಟಿ ರಸ್ತೆ ಖಾಲಿಯಾಗುತ್ತಿದ್ದಂತೆ ಬಳ್ಳಾರಿ ರಸ್ತೆ, ಹೊರವರ್ತುಲ ರಸ್ತೆ, ತುಮಕೂರು ರಸ್ತೆ, ಎಲೆಕ್ಟ್ರಾನಿಕ್ ಸಿಟಿಯ ಎಲಿವೇಟೆಡ್ ರಸ್ತೆಗಳ ಸ್ವರೂಪವೇ ಬದಲಾಗುತ್ತದೆ. ನೈಸ್ ರಸ್ತೆಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ದ್ವಿಚಕ್ರ ವಾಹನಗಳನ್ನು 2022ರಲ್ಲಿ ನಿಷೇಧಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ. ಆ ಹೊತ್ತಿನಲ್ಲಿ 110ರ ವೇಗದಲ್ಲಿ ಲೇನ್‌ನಿಂದ ಲೇನ್‌ಗೆ ನುಸುಳುತ್ತಾ ಹೋಗುವ ಕಾರಿನ ಚಾಲಕನಿಗೆ ಚಾಲನೆ ಬಾರದು ಎಂದು ಯಾರಾದರೂ ಹೇಳಿಯಾರೇ? ಅವನ ಕೈ ಚೆನ್ನಾಗಿಯೇ ಪಳಗಿದೆ. ವೇಗಮಿತಿಯ ಫಲಕ ಅವನ ಕಣ್ಣಿಗೆ ಬಿದ್ದಿದೆ, ಅದರ ಅರ್ಥವೂ ಅವನಿಗೆ ತಿಳಿದಿದೆ. ಮೀರಿದರೆ ಏನೂ ಆಗುವುದಿಲ್ಲ ಎಂಬುದೂ ತಿಳಿದಿದೆ.

ವೇಗ ಕೊಂಚ ಹೆಚ್ಚಾದರೆ ಆಗುವ ವ್ಯತ್ಯಾಸವೂ ಕೊಂಚವೇ ಎಂಬ ಭಾವನೆ ಬಹಳ ಜನರಲ್ಲಿದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ ಕಾರು ಸೆಕೆಂಡಿಗೆ ಸುಮಾರು 11 ಮೀಟರ್, 60ರಲ್ಲಿರುವ ಕಾರು ಸುಮಾರು 17 ಮೀಟರ್ ಸಾಗುತ್ತದೆ. 20 ಮೀಟರ್ ಮುಂದೆ ಮಗುವೊಂದು ರಸ್ತೆಗಿಳಿಯಿತು ಎನ್ನೋಣ. ಕಂಡದ್ದು ಮನಸ್ಸಿಗೆ ಹತ್ತಿ, ಕಾಲು ಬ್ರೇಕ್ ಮೇಲೆ ಬೀಳುವಷ್ಟರಲ್ಲಿ ಒಂದು ಸೆಕೆಂಡು ಕಳೆಯುತ್ತದೆ. ರಸ್ತೆ ಒಣಗಿದ್ದು ಬ್ರೇಕ್ ಚೆನ್ನಾಗಿದ್ದರೆ 40ರಲ್ಲಿದ್ದ ಕಾರು ಆ 20 ಮೀಟರಿನ ಒಳಗೆ ಹೆಚ್ಚುಕಡಿಮೆ ನಿಂತೇಬಿಡುತ್ತದೆ. 60ರಲ್ಲಿದ್ದ ಕಾರು ಆ ಒಂದು ಸೆಕೆಂಡಿನಲ್ಲೇ 17 ಮೀಟರ್ ಕಳೆದುಕೊಂಡಿರುವುದರಿಂದ, ಅದೇ ಬ್ರೇಕ್ ಹಾಕಿದರೂ ಮಗುವನ್ನು ತಲುಪುವಾಗ ಅದರ ವೇಗ ಇನ್ನೂ 50ಕ್ಕಿಂತ ಹೆಚ್ಚಿರುತ್ತದೆ. ಎಷ್ಟೇ ನುರಿತ ಚಾಲಕನಾದರೂ ಆ ಸೆಕೆಂಡನ್ನು ಇಲ್ಲವಾಗಿಸಲಾರ, ಸ್ವಲ್ಪ ಮೊಟಕುಗೊಳಿಸಬಹುದು ಅಷ್ಟೇ. ಸರಾಸರಿ ವೇಗ ಶೇ 1ರಷ್ಟು ಏರಿದರೆ ಸಾವು ಸಂಭವಿಸುವಂಥ ಅಪಘಾತಗಳ ಸಾಧ್ಯತೆ ಸುಮಾರು ಶೇ 4ರಷ್ಟು ಏರುತ್ತದೆ ಎಂಬ, ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿ ಬಳಸುವ ಅಂದಾಜಿನ ಹಿಂದೆ ಇರುವುದು ಇದೇ ಭೌತಶಾಸ್ತ್ರ.

ತರಬೇತಿಯ ಬಗ್ಗೆ ದೊರೆತಿರುವ ಪುರಾವೆ ಹಲವರಿಗೆ ಅಚ್ಚರಿ ತರಬಹುದು. ಆರೋಗ್ಯ ಸಂಬಂಧಿ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಸಂಶೋಧಕರು, ಪರವಾನಗಿ ಪಡೆದ ಚಾಲಕರಿಗೆ ಮತ್ತೆ ಕೊಡುವ ತರಬೇತಿಯ ಕುರಿತ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ, ಅದರಿಂದ ಅಪಘಾತಗಳು ಅಥವಾ ಗಾಯಗಳು ತಗ್ಗುತ್ತವೆ ಎನ್ನಲು ಆಧಾರ ಸಿಗಲಿಲ್ಲ ಎಂದಿದ್ದಾರೆ. ಶಾಲೆಗಳಲ್ಲಿ ಚಾಲನೆ ಕಲಿಸುವ ಕಾರ್ಯಕ್ರಮಗಳ ಪರಿಶೀಲನೆಯೂ ಅದೇ ತೀರ್ಮಾನಕ್ಕೆ ಬಂದಿದೆ. ಅವುಗಳಿಂದ ಹುಡುಗರು ಬೇಗ ಪರವಾನಗಿ ಪಡೆದು ರಸ್ತೆಗಿಳಿಯುವಂತಾಯಿತು ಎಂಬ ಕಳವಳವನ್ನೂ ಅದು ಸೇರಿಸಿದೆ. ನಾರ್ವೆಯಲ್ಲಿ ಜಾರುವ ರಸ್ತೆಯಲ್ಲಿ ವಾಹನ ನಿಯಂತ್ರಿಸುವ ತರಬೇತಿಯನ್ನು ಹೊಸ ಚಾಲಕರಿಗೆ ಕಡ್ಡಾಯ ಮಾಡಿದಾಗ, ಯುವಕರ ವಿಷಯದಲ್ಲಿ ಅಂಥ ರಸ್ತೆಗಳ ಅಪಘಾತಗಳು ಏರಿದವು. ಕೌಶಲ ಬಂದಷ್ಟೂ ಧೈರ್ಯ ಬರುತ್ತದೆ, ಧೈರ್ಯ ಬಂದಷ್ಟೂ ವೇಗ ಹೆಚ್ಚುತ್ತದೆ. ಬೈಕ್ ಸ್ಟಂಟ್ ಮಾಡುವ ಹುಡುಗರನ್ನು ಕಂಡಿರುವ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದೇ ಕಾಕ್ರೇನ್ ಸಂಸ್ಥೆ 2010ರಲ್ಲಿ ವೇಗದ ಕ್ಯಾಮೆರಾಗಳ ಕುರಿತ 35 ಅಧ್ಯಯನಗಳನ್ನು ಪರಿಶೀಲಿಸಿತು. ಕ್ಯಾಮೆರಾ ಇರುವ ಸ್ಥಳಗಳ ಸುತ್ತಮುತ್ತ ಸಾವು ಅಥವಾ ತೀವ್ರ ಗಾಯ ಉಂಟುಮಾಡುವ ಅಪಘಾತಗಳು ಶೇ 11ರಿಂದ ಶೇ 44ರವರೆಗೆ ಇಳಿದದ್ದು ಅದರಲ್ಲಿ ಕಂಡುಬಂತು. ಈ ಅಂತರ ದೊಡ್ಡದೇ, ಅಧ್ಯಯನಗಳ ಗುಣಮಟ್ಟವೂ ಒಂದೇ ಸಮ ಇರಲಿಲ್ಲ. ಆದರೂ ಎಲ್ಲವೂ ಬೆರಳು ತೋರಿಸಿದ್ದು ಇಳಿಕೆಯ ಕಡೆಗೇ.

ಹೊರದೇಶದ ಮಾತೇಕೆ ಎನ್ನುವವರು ಬೆಂಗಳೂರು–ಮೈಸೂರು ಹೆದ್ದಾರಿಯನ್ನು ನೋಡಬಹುದು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಆ ರಸ್ತೆಯಲ್ಲಿ ಮೊದಲ ಕೆಲವು ತಿಂಗಳು ಸಾವಿನ ಸುದ್ದಿಯಿಲ್ಲದ ವಾರವೇ ಇರಲಿಲ್ಲ ಎನ್ನಬೇಕು. ಬಳಿಕ ಪೊಲೀಸರು ವೇಗ ಅಳೆಯುವ ಉಪಕರಣ ಹಿಡಿದು ನಿಂತರು, ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳ ಪ್ರವೇಶ ನಿಂತಿತು, 2024ರಲ್ಲಿ ಉದ್ದಕ್ಕೂ ಕ್ಯಾಮೆರಾಗಳು ಬಂದವು, ಆ ವರ್ಷದ ಆಗಸ್ಟ್‌ನಿಂದ ಗಂಟೆಗೆ 130 ಕಿಲೋಮೀಟರ್ ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸುವುದಾಗಿ ರಾಜ್ಯ ಪೊಲೀಸರು ಘೋಷಿಸಿದರು. ಸಾವುಗಳು ಗಣನೀಯವಾಗಿ ಇಳಿದವು. ಈ ಇಳಿಕೆಯ ಶ್ರೇಯಸ್ಸೆಲ್ಲ ಕ್ಯಾಮೆರಾಗಳದ್ದೇ ಎಂದು ನಾನು ಹೇಳುವುದಿಲ್ಲ. ನಿಧಾನಗತಿಯ ವಾಹನಗಳನ್ನು ಹೊರಗಿಟ್ಟದ್ದರ ಪಾಲು ಅದರಲ್ಲಿ ದೊಡ್ಡದಿರಬೇಕು. ಆದರೆ ಆ ಅವಧಿಯಲ್ಲಿ ಅಲ್ಲಿ ಓಡಾಡುವ ಚಾಲಕರಿಗೆ ಯಾರೂ ಹೊಸದಾಗಿ ಚಾಲನೆ ಕಲಿಸಿರಲಿಲ್ಲ ಎಂಬುದನ್ನು ತರಬೇತಿವಾದಿಗಳು ಗಮನಿಸಬೇಕು.

ಇಲ್ಲಿ ನನ್ನ ಕಡೆಯವರ ವಾದದಲ್ಲಿರುವ ಒಂದು ದೋಷವನ್ನೂ ಹೇಳುವುದು ನ್ಯಾಯ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅದರಲ್ಲಿ ಶೇ 71ರಷ್ಟು ಸಾವುಗಳಿಗೆ ಅತಿವೇಗ ಕಾರಣ. ಈ ಅಂಕಿಯನ್ನು ಎಲ್ಲರೂ ಬಳಸುತ್ತಾರೆ, ನಾನು ಮಾತ್ರ ಅದರ ಮೇಲೆ ಹೆಚ್ಚು ಭಾರ ಹಾಕಲಾರೆ. ಸ್ಥಳ ಮಹಜರು ಮಾಡುವ ಠಾಣೆಯ ಸಿಬ್ಬಂದಿಯ ಬಳಿ ಡಿಕ್ಕಿಯ ಕ್ಷಣದ ವೇಗವನ್ನು ಲೆಕ್ಕ ಹಾಕುವ ಸಾಧನವಾಗಲಿ ತಜ್ಞರಾಗಲಿ ಸಾಮಾನ್ಯವಾಗಿ ಇರುವುದಿಲ್ಲ. ‘ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ’ ಎಂಬ ಸಾಲು ದೂರಿನಿಂದ ದೂರಿಗೆ ಹಾಗೆಯೇ ಸಾಗಿ ಬರುತ್ತದೆ. ದೀಪವಿಲ್ಲದ ತಿರುವು, ಪಾದಚಾರಿ ಮಾರ್ಗವೇ ಇಲ್ಲದ ರಸ್ತೆ, ಬಣ್ಣ ಬಳಿಯದ ಉಬ್ಬು, ಹೆದ್ದಾರಿ ಬದಿಯಲ್ಲಿ ದೀಪವಿಲ್ಲದೆ ನಿಂತ ಲಾರಿ, ಇವೆಲ್ಲ ಆ ಒಂದೇ ಸಾಲಿನ ಕೆಳಗೆ ಮುಚ್ಚಿಹೋಗುತ್ತವೆ. ರಸ್ತೆ ನಿರ್ಮಿಸಿದವರಿಗೆ ಇದು ಅನುಕೂಲವೇ. ಆದರೆ ಆ ಅಂಕಿ ಉಬ್ಬಿದ್ದಾಗಿದ್ದರೂ ಮೇಲಿನ ಸೆಕೆಂಡು ಮತ್ತು ಮೀಟರುಗಳ ಲೆಕ್ಕ ಬದಲಾಗುವುದಿಲ್ಲ. ಕಾರಣ ಯಾವುದೇ ಇರಲಿ, ಡಿಕ್ಕಿಯಾದಾಗ ಬದುಕುವುದೋ ಸಾಯುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಆ ಕ್ಷಣದ ವೇಗ.

ಹಾಗೆಂದು ತರಬೇತಿ ಬೇಡ ಎಂದು ನನ್ನ ಮಾತಿನ ಅರ್ಥವಲ್ಲ. ಈಗ ನಡೆಯುತ್ತಿರುವುದನ್ನು ತರಬೇತಿ ಎಂದು ಕರೆಯುವುದೇ ಕಷ್ಟ. ಎಲ್‌ಎಲ್ ಪರೀಕ್ಷೆಯನ್ನು ಆಧಾರ್ ಮೂಲಕ ಮನೆಯಲ್ಲೇ ಕುಳಿತು ಬರೆಯಬಹುದು. ಪಕ್ಕದಲ್ಲಿ ಕುಳಿತವರು ಉತ್ತರ ಹೇಳಿಕೊಡುವುದು ಗುಟ್ಟಿನ ವಿಷಯವೇನಲ್ಲ. ಬಳಿಕ ಡ್ರೈವಿಂಗ್ ಸ್ಕೂಲಿನವರು ಕ್ಲಚ್ ಬಿಡುವುದನ್ನೂ ‘8’ ಹಾಕುವುದನ್ನೂ ಕಲಿಸಿ ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸುತ್ತಾರೆ. ಎದುರಿನ ಬಸ್ಸು ನಿಲ್ದಾಣದಲ್ಲಿ ನಿಂತರೆ ಅದರ ಮುಂದಿನಿಂದ ಯಾರಾದರೂ ಓಡಿಬಂದಾರು ಎಂದು ಮುಂದಾಗಿ ಊಹಿಸುವುದನ್ನು ಯಾರೂ ಕಲಿಸುವುದಿಲ್ಲ, ಯಾರೂ ಪರೀಕ್ಷಿಸುವುದಿಲ್ಲ. ಬ್ರಿಟನ್ನಿನಲ್ಲಿ 2002ರಿಂದಲೇ ಚಿತ್ರಿಕೆಗಳನ್ನು ತೋರಿಸಿ ಅಪಾಯವನ್ನು ಎಷ್ಟು ಬೇಗ ಗುರುತಿಸುತ್ತಾರೆ ಎಂದು ಅಳೆಯುವ ಪರೀಕ್ಷೆ ಕಡ್ಡಾಯವಾಗಿದೆ. ಅಂಥದ್ದು ಇಲ್ಲಿಗೂ ಬರಲಿ. 2021ರಲ್ಲಿ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರಗಳ ನಿಯಮ ಲಘು ವಾಹನಗಳಿಗೆ ನಾಲ್ಕು ವಾರಗಳೊಳಗೆ 29 ಗಂಟೆ, ಭಾರಿ ವಾಹನಗಳಿಗೆ ಆರು ವಾರಗಳಲ್ಲಿ 38 ಗಂಟೆಗಳ ಪಾಠ ನಿಗದಿ ಮಾಡಿದೆ. ಅಲ್ಲಿ ತೇರ್ಗಡೆಯಾದವರಿಗೆ ಆರ್‌ಟಿಒದಲ್ಲಿ ಮತ್ತೆ ಪರೀಕ್ಷೆಯಿಲ್ಲ ಎಂಬುದು ನನಗೆ ಸಮಾಧಾನ ತರುವ ಅಂಶವಲ್ಲ. ಕಲಿಸಿದವರೇ ಪಾಸು ಮಾಡುವ ಪದ್ಧತಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ನಮಗೆ ಹೊಸದಲ್ಲ. ಆದರೂ ನೀರಿನ ಟ್ಯಾಂಕರ್, ಕಸದ ಲಾರಿ, ಕಾಂಕ್ರೀಟ್ ಮಿಕ್ಸರ್‌ಗಳ ಚಾಲಕರ ವಿಷಯದಲ್ಲಿ ತರಬೇತಿ ನಿಜಕ್ಕೂ ಜೀವ ಉಳಿಸಬಲ್ಲದು. ಎಡಕ್ಕೆ ತಿರುಗುವಾಗ ಕ್ಯಾಬಿನ್‌ನಲ್ಲಿ ಕೂತವರಿಗೆ ಪಕ್ಕದ ಸ್ಕೂಟರ್ ಕಾಣುವುದೇ ಇಲ್ಲ ಎಂಬುದು ಕಲಿಸಿದರೆ ಮಾತ್ರ ತಿಳಿಯುವ ಸಂಗತಿ.

ಈಗ ನಗರದ ಕ್ಯಾಮೆರಾಗಳ ವಿಷಯಕ್ಕೆ ಬರುತ್ತೇನೆ. ಐಟಿಎಂಎಸ್ ಎಂದು ಕರೆಯುವ ವ್ಯವಸ್ಥೆ 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ಆರಂಭವಾಯಿತು. ಸಿಗ್ನಲ್ ಜಂಪ್, ಹೆಲ್ಮೆಟ್ ಇಲ್ಲದ ಸವಾರಿ ಮುಂತಾದವನ್ನು ಹಿಡಿಯುವುದಕ್ಕೆ ಜಂಕ್ಷನ್ ಸರಿಯಾದ ಜಾಗವೇ. ವೇಗ ಏರುವುದು ಮಾತ್ರ ಎರಡು ಜಂಕ್ಷನ್‌ಗಳ ನಡುವೆ, ಮೇಲ್ಸೇತುವೆಯ ಮೇಲೆ. ಒಂಟಿ ಕ್ಯಾಮೆರಾ ಇರುವಲ್ಲಿ ಬ್ರೇಕ್ ಒತ್ತಿ, ದಾಟಿದ ಕೂಡಲೇ ಮತ್ತೆ ಗ್ಯಾಸ್ ಕೊಡುವವರನ್ನು ಹಿಡಿಯಬೇಕಾದರೆ ಎರಡು ಬಿಂದುಗಳ ನಡುವಿನ ಸರಾಸರಿ ವೇಗವನ್ನೇ ಲೆಕ್ಕ ಹಾಕಬೇಕು. ಮಿತಿ 80 ಇರುವ ಕಡೆ 8 ಕಿಲೋಮೀಟರ್ ದೂರವನ್ನು ಆರು ನಿಮಿಷಕ್ಕಿಂತ ಬೇಗ ಕ್ರಮಿಸಿದವರು ಎಲ್ಲೋ ಒಂದು ಕಡೆ ಮಿತಿ ಮೀರಿದ್ದಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ನಮ್ಮಲ್ಲಿ ಆಗಲೇ ಇರುವುದರಿಂದ ಇದು ದೊಡ್ಡ ತಾಂತ್ರಿಕ ಸಾಹಸವೂ ಅಲ್ಲ. ಕ್ಯಾಮೆರಾಗಳ ಮುಂಚೆ ಎಚ್ಚರಿಕೆ ಫಲಕ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 167ಎ ನಿಯಮವೇ ಹೇಳುತ್ತದೆ. ಅದನ್ನು ಪಾಲಿಸಿದರೆ ಬಚ್ಚಿಟ್ಟುಕೊಂಡು ದಂಡ ಹಾಕುತ್ತಾರೆ ಎಂಬ ದೂರಿಗೂ ಅವಕಾಶವಿರುವುದಿಲ್ಲ.

ಬಡಾವಣೆಗಳ ಒಳರಸ್ತೆಗಳಲ್ಲಿ ಕ್ಯಾಮೆರಾ ಇಡುವುದು ಸಾಧ್ಯವಿಲ್ಲ, ಅಲ್ಲಿ ಉಬ್ಬುಗಳೇ ಗತಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಉಬ್ಬನ್ನು ಹೇಳುತ್ತದೆ. ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಏಳುವ, ಬೆನ್ನುಮೂಳೆ ಮುರಿಯುವ ಗುಡ್ಡೆಗಳಿಗೂ ಆ ಅಳತೆಗೂ ಸಂಬಂಧವಿಲ್ಲ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುತ್ತಿರುವುದು ದಂಡದ ರಿಯಾಯಿತಿ. ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಪ್ರಸ್ತಾವದ ಮೇರೆಗೆ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇ 50ರ ರಿಯಾಯಿತಿ ಕೊಟ್ಟಾಗ ಸಂಚಾರ ಠಾಣೆಗಳ ಮುಂದೆ ಜನ ಸಾಲುಗಟ್ಟಿದರು, ಕೆಲವೇ ದಿನಗಳಲ್ಲಿ 120 ಕೋಟಿ ರೂಪಾಯಿಗೂ ಹೆಚ್ಚು ಜಮೆಯಾಯಿತು. ಅಷ್ಟು ಹಣ ಕಂಡ ಮೇಲೆ ಸರ್ಕಾರಕ್ಕೆ ರುಚಿ ಹತ್ತಿತು. ಅದೇ ವರ್ಷ ಮತ್ತೆ, 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮತ್ತೆ, ಆಷಾಢದ ಸೀರೆ ಮಾರಾಟದಂತೆ ಇದು ರೂಢಿಯಾಗುತ್ತಿದೆ. ನೋಟಿಸ್ ಬಂದ ವಾರದಲ್ಲೇ ಪೂರ್ತಿ ದಂಡ ಕಟ್ಟಿದವರು ಇದರಿಂದ ಕಲಿಯುವ ಪಾಠವೇನು? ಶಿಕ್ಷೆಯ ಪ್ರಮಾಣಕ್ಕಿಂತ ಶಿಕ್ಷೆ ಖಚಿತವಾಗಿ, ಬೇಗನೆ ಬರುತ್ತದೆ ಎಂಬ ನಂಬಿಕೆಯೇ ವೇಗವನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ಬಾಕಿ ಉಳಿದು ಕೊನೆಗೆ ಅರ್ಧಕ್ಕೆ ಇಳಿಯುವ ಸಾವಿರ ರೂಪಾಯಿಗಿಂತ, ಹದಿನೈದು ದಿನಗಳಲ್ಲಿ ತಪ್ಪದೆ ವಸೂಲಾಗುವ ಐನೂರು ರೂಪಾಯಿಯೇ ಮೇಲು. ಕ್ಯಾಮೆರಾ ಇರುವುದು ಹಣ ಮಾಡುವುದಕ್ಕೆ ಎಂಬ ಆಕ್ಷೇಪಕ್ಕೆ ಸರ್ಕಾರ ತಾನೇ ಇಷ್ಟು ಗಟ್ಟಿಯಾದ ಪುರಾವೆ ಒದಗಿಸುತ್ತಿರುವಾಗ, ಆಕ್ಷೇಪಿಸುವವರನ್ನು ಪೂರ್ತಿ ದೂರುವಂತೆಯೂ ಇಲ್ಲ.

ಆದ್ದರಿಂದ ನಗರ ಸಂಚಾರ ಪೊಲೀಸರಲ್ಲಿ ನನ್ನ ಕೋರಿಕೆ ಇಷ್ಟು: ಯಾವ ರಸ್ತೆಯಲ್ಲಿ ಎಷ್ಟು ದಂಡ ವಸೂಲಾಯಿತು ಎಂಬ ಪ್ರಕಟಣೆಯ ಜೊತೆಗೆ, ಆ ರಸ್ತೆಯಲ್ಲಿ ಕ್ಯಾಮೆರಾ ಬರುವ ಮುನ್ನ ಮತ್ತು ಬಂದ ಮೇಲೆ ರಾತ್ರಿ 10ರ ನಂತರದ ಸರಾಸರಿ ವೇಗ ಎಷ್ಟಿತ್ತು, ಎಷ್ಟು ಮಂದಿ ಸತ್ತರು ಎಂಬ ವಿವರವನ್ನೂ ಪ್ರತಿ ಮೂರು ತಿಂಗಳಿಗೊಮ್ಮೆ ಪ್ರಕಟಿಸಲಿ. ವೇಗ ಇಳಿಯದ ಕಡೆ ಕ್ಯಾಮೆರಾಗಳನ್ನು ಬೇರೆಡೆಗೆ ಸ್ಥಳಾಂತರಿಸಲಿ.

ಇತಿ,
ತಮ್ಮ ಓದುಗ,
ಬಸವೇಶ್ವರನಗರ, ಬೆಂಗಳೂರು