ಹೋಯಿ ಆನ್‌ನಿಂದ ಅಕ್ಕನಿಗೆ

ಹೋಯಿ ಆನ್, ವಿಯೆಟ್ನಾಂ
ಏಪ್ರಿಲ್, ಹುಣ್ಣಿಮೆಯ ಮರುದಿನ

ಅಕ್ಕನಿಗೆ ತಮ್ಮನ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ. ನೀನು, ಭಾವ, ಮಕ್ಕಳು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. "ಅರವತ್ತೆರಡಾಯಿತು, ಸ್ವಂತ ಮನೆಯಿದೆ, ಪಿಂಚಣಿ ಬರುತ್ತದೆ. ದಿಕ್ಕಿಲ್ಲದವನ ಹಾಗೆ ಊರೂರು ಅಲೆದು ದುಡ್ಡು ಕಳೆಯುವುದೇಕೆ?" ಎಂದೆ. ಫೋನಿನಲ್ಲಿ ಉತ್ತರ ಕೊಡಲು ಹೋದರೆ ನಮ್ಮಿಬ್ಬರಿಗೂ ದನಿ ಏರುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಮಾತು. ಅಪ್ಪ ಬರೆಯುತ್ತಿದ್ದ ಹಾಗೆಯೇ ನಾನೂ ದಿನದ ಲೆಕ್ಕ ಬರೆದಿಡುತ್ತೇನೆ. ಕಳೆದ ತಿಂಗಳು ಕೋಣೆಗೆ 15,000 ರೂಪಾಯಿ, ಊಟ ತಿಂಡಿಗೆ 9,000, ಔಷಧಿ, ಫೋನು, ವಿಮೆ, ಕಾಫಿ ಎಲ್ಲ ಸೇರಿ 6,000. ವಿಮಾನದ ಟಿಕೆಟ್ಟು, ವೀಸಾ ಖರ್ಚನ್ನು ಮೂರು ತಿಂಗಳಿಗೆ ಹಂಚಿದರೆ ತಿಂಗಳಿಗೆ ಇನ್ನೊಂದು 8,000. ಒಟ್ಟು 38,000. ಶಿವಮೊಗ್ಗದ ಮನೆಯ ಬಾಡಿಗೆಯೇ 14,000 ಬರುತ್ತದೆ. ಉಳಿದದ್ದನ್ನು ಪಿಂಚಣಿಯಲ್ಲಿ ತೆಗೆದರೂ ಪ್ರತಿ ತಿಂಗಳೂ ಬ್ಯಾಂಕಿನಲ್ಲಿ ಒಂದಿಷ್ಟು ನಿಲ್ಲುತ್ತಿದೆ.

ಮೊದಲ ವರ್ಷ ಹೀಗಿರಲಿಲ್ಲ. ಥಾಯ್ಲೆಂಡಿನಲ್ಲಿ 24 ದಿನಕ್ಕೆ ಒಂಬತ್ತು ಊರು ಸುತ್ತಿದೆ. ದಿನವೂ ಬಸ್ಸು, ರಾತ್ರಿಗೊಂದು ಹೋಟೆಲು, ಕೈಗೆ ಸಿಕ್ಕಿದ್ದು ಊಟ. ಇಲ್ಲಿ ಎರಡು ತಿಂಗಳಿಗೆ ಆಗುವಷ್ಟು ದುಡ್ಡು ಅಲ್ಲಿ ಅಷ್ಟರೊಳಗೆ ಕರಗಿತು. ನೋಡಿದ್ದು ಒಂದೂ ನೆನಪಿನಲ್ಲಿ ನಿಲ್ಲಲಿಲ್ಲ. ಆಮೇಲೆ ನೇಪಾಳದ ಪೋಖರಾದಲ್ಲಿ ಒಂದೇ ಕೋಣೆ ಹಿಡಿದು ಮೂರು ತಿಂಗಳು ಕೂತಾಗ ತಿಳಿಯಿತು: ಖರ್ಚಾಗುವುದು ಪರವೂರಿನಲ್ಲಿ ಇರುವುದಕ್ಕಲ್ಲ, ಊರಿಂದೂರಿಗೆ ಓಡುವುದಕ್ಕೆ. ವಿಯೆಟ್ನಾಮಿನವರು 2023ರ ಆಗಸ್ಟಿನಿಂದ 90 ದಿನಗಳ ಇ-ವೀಸಾ ಕೊಡುತ್ತಿದ್ದಾರೆ, ಶುಲ್ಕ 25 ಡಾಲರ್. ಆ ತೊಂಬತ್ತು ದಿನವನ್ನೂ ನಾನು ಈ ಒಂದೇ ಊರಿಗೆ ಕೊಟ್ಟಿದ್ದೇನೆ. ನನ್ನ ಸಾಮಾನೆಲ್ಲ ಏಳು ಕಿಲೋ ಚೀಲದೊಳಗೆ ಹಿಡಿಯುತ್ತದೆ. ನೀನು ಕೊಟ್ಟ ಎರಡು ಪಂಚೆ ಸ್ನಾನಕ್ಕೂ ಹೊದಿಕೆಗೂ ಕಿಟಕಿಯ ಪರದೆಗೂ ಆಗುತ್ತವೆ.

ಇನ್ನು ಆರೋಗ್ಯ. ನಿವೃತ್ತಿಯಾದ ವರ್ಷ ಪಾರ್ಕಿನಲ್ಲಿ ಎಂಟು ಸುತ್ತು ಹಾಕಿ, ಹೊರಟಲ್ಲಿಗೇ ಬಂದು ನಿಲ್ಲುತ್ತಿದ್ದೆ. ಬೇಸರ ಬಂದು ಅದನ್ನೂ ಬಿಟ್ಟೆ. ರಕ್ತಪರೀಕ್ಷೆಯಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ (HbA1c) 8.4ಕ್ಕೆ ಏರಿದ್ದು ನಿನಗೆ ಗೊತ್ತು. ಈಗ 6.6. ಇಲ್ಲಿ ಹಳೆಯ ಸೈಕಲ್ ಒಂದನ್ನು ಕೊಂಡಿದ್ದೇನೆ. ಬೆಳಗ್ಗೆ ಐದಕ್ಕೆ ಎದ್ದು ಆನ್ ಬಾಂಗ್ ಕಡಲ ತೀರಕ್ಕೆ ಹೋಗುತ್ತೇನೆ. ನನಗಿಂತ ಹಿರಿಯರು ಅಷ್ಟು ಹೊತ್ತಿಗಾಗಲೇ ಈಜಿ ಮೈ ಒರೆಸಿಕೊಳ್ಳುತ್ತಿರುತ್ತಾರೆ. ದಾರಿಯಲ್ಲಿ ಚಾ ಕ್ವೇ ಎಂಬ ತರಕಾರಿ ಹಳ್ಳಿ ಸಿಗುತ್ತದೆ. ಹೊಳೆಯ ಪಾಚಿಯನ್ನು ತಂದು ಮಣ್ಣಿಗೆ ಗೊಬ್ಬರವಾಗಿ ಬೆರೆಸುತ್ತಾರೆ. ಹೆಗಲ ಮೇಲೆ ಅಡ್ಡೆ ಹೊತ್ತು, ಎರಡೂ ತುದಿಯ ಡಬ್ಬಗಳನ್ನು ಒಟ್ಟಿಗೇ ಬಾಗಿಸಿ, ಮಡಿಗಳ ನಡುವೆ ನಡೆಯುತ್ತಲೇ ನೀರು ಹಾಕುತ್ತಾರೆ. ಭಾವ ನೋಡಿದ್ದರೆ ಅಲ್ಲಿಂದ ಕದಲುತ್ತಿರಲಿಲ್ಲ.

ಊಟದ ಚಿಂತೆ ನಿನಗೆ ಬೇಡ. ಇಲ್ಲಿ 'ಚಾಯ್' ಎಂದರೆ ಚಹಾ ಅಲ್ಲ, ಸಸ್ಯಾಹಾರ. ಅಮಾವಾಸ್ಯೆಗೂ ಹುಣ್ಣಿಮೆಗೂ ಬಹಳ ಜನ ಮಾಂಸ ಮೀನು ಮುಟ್ಟುವುದಿಲ್ಲ. ನಿನ್ನೆ ಬೀದಿಬೀದಿಯಲ್ಲೂ 'ಚಾಯ್' ಎಂಬ ಹಲಗೆ ತೂಗುತ್ತಿತ್ತು. ಬೇರೆ ದಿನಗಳಲ್ಲಿ ಮೀನಿನ ಸಾರ ಎಲ್ಲದರಲ್ಲೂ ಇರುತ್ತದೆ. ಮೂಲೆಯ ಅಂಗಡಿಯ ಹೆಂಗಸು ಎಳೆ ಹಲಸನ್ನು ಬೇಯಿಸಿ, ಕೈಯಿಂದ ಎಳೆ ಎಳೆಯಾಗಿ ಬಿಡಿಸಿ, ಸೊಪ್ಪು ಬೆರೆಸಿ, ಹುರಿದ ಕಡಲೆಕಾಯಿ ಬೀಜ ಉದುರಿಸಿ ಕೊಡುತ್ತಾಳೆ. ಅದನ್ನು ಸುಟ್ಟ ಅಕ್ಕಿ ಹಪ್ಪಳದ ತುಂಡಿನಲ್ಲಿ ಗೋರಿಕೊಂಡು ತಿನ್ನಬೇಕು. ಮೊದಲ ವಾರ ದಿನವೂ ಕೈಸನ್ನೆ ಮಾಡಿ ಮೀನಿನ ಸಾರ ಬೇಡವೆನ್ನುತ್ತಿದ್ದೆ. ಮೂರನೆಯ ವಾರ ನನ್ನ ಸೈಕಲ್ ಕಂಡ ಕೂಡಲೇ ಆಕೆ ಆ ಸೀಸೆಯನ್ನು ಮೇಜಿನ ಕೆಳಗಿಟ್ಟು ಸೋಯಾ ಸೀಸೆಯನ್ನು ಮುಂದಿಟ್ಟಳು. ಆ ದಿನ ಈ ಊರು ನನ್ನದಾಯಿತು ಅನ್ನಿಸಿತು, ಅಕ್ಕ. ಎರಡು ದಿನ ಇದ್ದು ಹೋಗುವವನಿಗೆ ಅದು ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಇಲ್ಲಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮೀ ಸನ್ ಎಂಬಲ್ಲಿ ಶಿವಾಲಯಗಳಿವೆ. ನಾಲ್ಕನೆಯ ಶತಮಾನದಲ್ಲಿ ಭದ್ರವರ್ಮನೆಂಬ ಚಂಪಾ ರಾಜ್ಯದ ಅರಸು ಅಲ್ಲಿ ಭದ್ರೇಶ್ವರನನ್ನು ಪ್ರತಿಷ್ಠೆ ಮಾಡಿದ. ಸಂಸ್ಕೃತ ಶಾಸನಗಳಿವೆ. 1969ರಲ್ಲಿ ಅಮೆರಿಕದ ಬಾಂಬಿಗೆ ಅತಿ ದೊಡ್ಡ ಗೋಪುರವೇ ಉರುಳಿತು. ಬಾಂಬು ಬಿದ್ದ ಗುಂಡಿಗಳಲ್ಲಿ ಈಗ ಹುಲ್ಲು ಬೆಳೆದಿದೆ. ನಮ್ಮ ಪುರಾತತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರ ಮಾಡುವಾಗ, 2020ರಲ್ಲಿ, ಒಂಬತ್ತನೆಯ ಶತಮಾನದ ಏಕಶಿಲೆಯ ಲಿಂಗವೊಂದು ಮಣ್ಣಿನಡಿ ಸಿಕ್ಕಿತು. ಸೈಕಲ್ಲಿನಲ್ಲೇ ಹೋಗಿ, ಅಲ್ಲಿ ನಿಂತು ಅಮ್ಮ ಕಲಿಸಿದ ಬಿಲ್ವಾಷ್ಟಕವನ್ನು ಪೂರ್ತಿ ಹೇಳಿದೆ. ಎಷ್ಟೋ ವರ್ಷದ ಮೇಲೆ ಒಂದು ಸಾಲೂ ತಪ್ಪಲಿಲ್ಲ.

ನಿನ್ನಿಂದ ಮುಚ್ಚಿಟ್ಟ ಒಂದು ವಿಷಯ ಹೇಳಿಬಿಡುತ್ತೇನೆ. ಮಾರ್ಚ್‌ನಲ್ಲಿ ನನಗೆ ಜ್ವರ ಬಂದಿತ್ತು. ಮೂರು ದಿನ ಒಬ್ಬನೇ ಮಲಗಿದ್ದೆ. ನೀನು ಫೋನ್ ಮಾಡಿದಾಗ ನಿದ್ದೆಯಲ್ಲಿದ್ದೆ ಎಂದು ಸುಳ್ಳು ಹೇಳಿದೆ. ಎರಡನೆಯ ರಾತ್ರಿ ಬಹಳ ಹೆದರಿದೆ. ಇಲ್ಲೇ ಏನಾದರೂ ಆದರೆ ಯಾರಿಗೆ ಹೇಗೆ ತಿಳಿಯಬೇಕು ಎಂದು ಕಣ್ಣಲ್ಲಿ ನೀರು ಬಂತು. ಬೆಳಗ್ಗೆ ಮನೆಯೊಡತಿ ಗಂಜಿ ತಂದಳು. ಬಿಸಿ ಅನ್ನದ ಗಂಜಿಯೇ, ಮೇಲೆ ಹಸಿ ಈರುಳ್ಳಿ ಸೊಪ್ಪು. ನಾನು ಮುಗಿಸುವ ತನಕ ಬಾಗಿಲಲ್ಲೇ ಕೂತಿದ್ದಳು. ಈಗ ಅವಳ ಬಳಿ ನಿನ್ನ ನಂಬರ್ ಇದೆ, ನನ್ನ ಚೀಲದಲ್ಲಿ ವಿಮೆಯ ಕಾಗದದ ಜೊತೆ ನಿನ್ನ ವಿಳಾಸವಿದೆ. ಪುಟ್ಟಿಯ ನಾಮಕರಣ ತಪ್ಪಿದ್ದಕ್ಕೂ ನನಗೆ ನೋವಿದೆ. ಈ ಬದುಕಿಗೆ ಕೊಡುವ ಬೆಲೆ ಅದು. ಅದನ್ನು ನಾನು ಲೆಕ್ಕದಿಂದ ಬಿಟ್ಟಿಲ್ಲ.

ಮೇ ತಿಂಗಳಿಗೆ ಇಲ್ಲಿಯ ವೀಸಾ ಮುಗಿಯುತ್ತದೆ. ಅಲ್ಲಿಂದ ಮತ್ತೆ ನೇಪಾಳ. ಅಲ್ಲಿ ನಮಗೆ ವೀಸಾವೇ ಬೇಡ. ನವೆಂಬರಿನಲ್ಲಿ ಪಿಂಚಣಿಯ ಜೀವಿತ ಪ್ರಮಾಣಪತ್ರಕ್ಕೆ ಊರಿಗೆ ಬರುತ್ತೇನೆ. ಮೊಬೈಲಿಗೆ ಮುಖ ತೋರಿಸಿಯೂ ಅದನ್ನು ಮುಗಿಸಬಹುದಂತೆ. ಆದರೂ ಬರುತ್ತೇನೆ, ಒಂದು ತಿಂಗಳು ನಿನ್ನ ಮನೆಯಲ್ಲೇ ಇರುತ್ತೇನೆ. ಇಲ್ಲಿಯ ಪುಟ್ಟ ಕಾಫಿ ಫಿಲ್ಟರ್ ತರುತ್ತೇನೆ. ಲೋಟದ ಮೇಲೆಯೇ ಕೂರುತ್ತದೆ, ಹನಿ ಹನಿಯಾಗಿ ಇಳಿಯುತ್ತದೆ.

ಬಂದಾಗ ನಿನ್ನ ಪಾಸ್‌ಪೋರ್ಟಿಗೆ ಅರ್ಜಿ ಹಾಕೋಣ. ಬೇಡ ಎನ್ನಬೇಡ. ಆಧಾರ್ ಕಾರ್ಡಿನಲ್ಲೂ ಶಾಲೆಯ ಸರ್ಟಿಫಿಕೇಟಿನಲ್ಲೂ ನಿನ್ನ ಹೆಸರು ಒಂದೇ ರೀತಿ ಇದೆಯೇ ಎಂದು ಈಗಲೇ ನೋಡಿಡು. ಭಾವನಿಗೆ ನಮಸ್ಕಾರ ತಿಳಿಸು, ಪುಟ್ಟಿಗೆ ಮುತ್ತು.

ನಿನ್ನ ತಮ್ಮ