ಸ್ಟಿಂಗ್ ಹಾಡಿದ ಸಂಜೆ: ಮಗಳಿಗೊಂದು ಪತ್ರ

ಮಾಟುಂಗಾ, ಮುಂಬಯಿ
30 ಜನವರಿ 2024

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಮೊಬೈಲಿನಲ್ಲಿ ಬೇಕಾದಾಗ ಕೇಳಬಹುದಾದ ಹಾಡುಗಳಿಗೆ ಅಷ್ಟು ದುಡ್ಡು ತೆತ್ತು, ಈ ವಯಸ್ಸಿನಲ್ಲಿ ಗಂಟೆಗಟ್ಟಲೆ ನಿಂತು ಬರುವ ಹಟವೇಕೆ ಎಂದು ನೀನು ಫೋನಿನಲ್ಲಿ ಕೇಳಿದೆ. ಆಗ ನಕ್ಕು ಸುಮ್ಮನಾದೆ. ಈಗ ಉತ್ತರ ಬರೆಯುತ್ತಿದ್ದೇನೆ.

ಭಾನುವಾರ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ, ಲೊಲ್ಲಾಪಲೂಜಾ ಎಂಬ ಸಂಗೀತೋತ್ಸವದ ಕೊನೆಯ ರಾತ್ರಿ ಹಾಡಿದ ಇಂಗ್ಲೆಂಡಿನ ರಾಕ್ ಗಾಯಕ ಸ್ಟಿಂಗ್ ಅವರಿಗೆ ಈಗ 72 ವರ್ಷ. ಈ ಊರಿಗೆ ಅವರು ಹೊಸಬರಲ್ಲ. 1980ರ ಮಾರ್ಚಿನಲ್ಲಿ 'ದಿ ಪೊಲೀಸ್' ಎಂಬ ಮೂವರ ತಂಡದೊಡನೆ ಬಂದು ಧೋಬಿ ತಲಾವಿನ ಬಳಿಯ ರಂಗಭವನದಲ್ಲಿ ಹಾಡಿದ್ದರು. ಕರೆಸಿದ್ದು ಟೈಮ್ ಅಂಡ್ ಟ್ಯಾಲೆಂಟ್ಸ್ ಕ್ಲಬ್ ಎಂಬ ಮಹಿಳೆಯರ ಸಂಸ್ಥೆ, ಅದೂ ಧರ್ಮಕಾರ್ಯಕ್ಕೆ ಹಣ ಕೂಡಿಸಲು! ನಿನ್ನ ಸೋದರಮಾವ ಹೋಗಿದ್ದ. ಹೆಣ್ಣುಮಕ್ಕಳು ರಾತ್ರಿ ಹೊರಗಿರುವುದು ನಿನ್ನ ಅಜ್ಜನಿಗೆ ಒಪ್ಪಿಗೆಯಿರಲಿಲ್ಲವಾದ್ದರಿಂದ ನನ್ನ ಪಾಲಿಗೆ ಬಂದದ್ದು ಮರುದಿನ ಅವನು ಮಾಡಿದ ವರ್ಣನೆ, ಆಮೇಲೆ ಆ ತಂಡದ ಹಾಡುಗಳ ಒಂದು ಕ್ಯಾಸೆಟ್ಟು.

ಆ ಕ್ಯಾಸೆಟ್ಟು ಎಷ್ಟು ಸವೆದರೂ ಹೇಳದಿದ್ದ ಸಂಗತಿಯೊಂದನ್ನು ಮೊನ್ನೆ ದೊಡ್ಡ ಪರದೆಯ ಮೇಲೆ ಕಂಡೆ. ಬಣ್ಣ ಉದುರಿ ಮರವೇ ಕಾಣುವ ಹಳೆಯ ಫೆಂಡರ್ ಕಂಪನಿಯ ಬೇಸ್ ಗಿಟಾರನ್ನು (ತಗ್ಗಿನ ಸ್ವರ ನುಡಿಸುವ ಗಿಟಾರು) ಸ್ಟಿಂಗ್ ಹೆಬ್ಬೆರಳಿನಿಂದ ಕೆಳಕ್ಕೆ ಮೀಟುತ್ತ, ಪಕ್ಕದ ಬೆರಳುಗಳಿಂದ ಮೇಲಕ್ಕೆ ಸೆಳೆಯುತ್ತ ನುಡಿಸುತ್ತಾರೆ. ಅವರ ಎಷ್ಟೋ ಹಾಡುಗಳಲ್ಲಿ ಬರುವ ಜಮೈಕಾದ ರೆಗೆ ಲಯದಲ್ಲಿ ಬೇಸ್ ಎಷ್ಟೋ ಸಲ ಮೊದಲ ಪೆಟ್ಟನ್ನೇ ಖಾಲಿ ಬಿಡುತ್ತದೆ. ಹಾಡಿನ ಸಾಲಾದರೋ ತನ್ನದೇ ಹಾದಿಯಲ್ಲಿ ನಡೆಯುತ್ತದೆ. ಬೆರಳು ಒಂದು ಲೆಕ್ಕವನ್ನೂ ಗಂಟಲು ಇನ್ನೊಂದನ್ನೂ ಹಿಡಿದು, ಎರಡೂ ತಪ್ಪದಂತೆ ನಗುತ್ತ ನಿಲ್ಲುವುದು ಎಂಥ ಸಾಧನೆಯೆಂಬುದು ಕಣ್ಣಾರೆ ಕಂಡಾಗಲೇ ತಿಳಿಯುವುದು.

ಇನ್ನು ದನಿಯ ಮಾತು. ನಿನ್ನ ಅಜ್ಜ ಧಾರವಾಡದವರು, ಮಲ್ಲಿಕಾರ್ಜುನ ಮನ್ಸೂರರ ಇಳಿವಯಸ್ಸಿನ ಕಛೇರಿಗಳನ್ನು ಬಿಡದೆ ಕೇಳಿದವರು. ಎಳೆಯ ಗಂಟಲು ಹಾಡಿದ್ದನ್ನು ಹಣ್ಣಾದ ಗಂಟಲು ಎಲ್ಲಿ ಬಿಟ್ಟು ಎಲ್ಲಿ ಹಿಡಿಯುತ್ತದೆ ಎಂಬುದನ್ನು ಗಮನಿಸು ಎನ್ನುತ್ತಿದ್ದರು. (ಆ ಪಾಠವನ್ನು ನಾನು ರಾಕ್ ಸಂಗೀತಕ್ಕೆ ಬಳಸುತ್ತೇನೆಂದು ಅವರು ಕನಸಿನಲ್ಲಿಯೂ ಎಣಿಸಿರಲಾರರು.) ಹಾಗೆಯೇ ಗಮನಿಸಿದೆ. ತಾರುಣ್ಯದಲ್ಲಿ ಕಿರುಚಿ ಮುಟ್ಟುತ್ತಿದ್ದ ಸ್ವರಗಳನ್ನು ಸ್ಟಿಂಗ್ ಈಗ ಅವಸರವಿಲ್ಲದೆ ಏರುತ್ತಾರೆ, ಬೇಕೆನಿಸಿದಲ್ಲಿ ಸಾಲನ್ನು ಜನರ ಬಾಯಿಗೆ ಬಿಟ್ಟು ತಾವು ಉಸಿರು ತೆಗೆದುಕೊಳ್ಳುತ್ತಾರೆ. ಸಾವಿರಾರು ಜನ ಹಾಡುವಾಗ ನಾನೂ ನಾಚಿಕೆ ಬಿಟ್ಟು ಕೂಗಿದೆ. ಪಕ್ಕದಲ್ಲಿದ್ದ ಕಾಲೇಜು ಹುಡುಗಿಯರು ಬೆರಗಾಗಿ ನೋಡಿದರು.

ಧೂಳು, ನೂಕುನುಗ್ಗಲು, ದುಬಾರಿ ತಿಂಡಿ ಎಲ್ಲವೂ ಇದ್ದವು. ರಾತ್ರಿ 10ರ ಬಳಿಕ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದೆಂಬ ನಿಯಮದಿಂದಾಗಿ ಮನೆಗೆ ಲೋಕಲ್ ರೈಲು ಸಿಕ್ಕಿತು.

ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡಿದ್ದೇನೆ, ನೀನು ಚಿಂತಿಸಬೇಡ. ಅವರು ಮತ್ತೆ ಬಂದರೆ ಟಿಕೆಟ್ಟಿನ ಖರ್ಚು ನಿನ್ನದು. ಕುರ್ಚಿಯ ಸಾಲು ಬೇಡ, ವೇದಿಕೆಗೆ ಹತ್ತಿರ ನಿಲ್ಲುವ ಜಾಗವನ್ನೇ ಕಾಯ್ದಿರಿಸು.

ಇಂತು,
ನಿನ್ನ ಅಮ್ಮ