ಓದದೆಯೇ ಬೀಗ ಹಾಕಿದರೆ ಹೇಗೆ?

ಮಾನ್ಯ ಸಂಪಾದಕರೇ,

ಗವಿಪುರದ ಸಭಾಂಗಣದಲ್ಲಿ ಭಾನುವಾರ ನಡೆಯಬೇಕಿದ್ದ ಕಾದಂಬರಿ ಚರ್ಚೆ ರದ್ದಾದ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ‘ಧರ್ಮವಿರೋಧಿ ಕಾದಂಬರಿಗಳ ಚರ್ಚೆಗೆ ತಡೆ’ ಎಂದು ತಲೆಬರಹ ಕೊಟ್ಟಿದ್ದೀರಿ. ಆ ಕಾದಂಬರಿಗಳಲ್ಲಿ ಧರ್ಮಕ್ಕೆ ವಿರೋಧವಾದದ್ದು ಏನಿದೆ ಅಂತ ವರದಿಯಲ್ಲಿ ಒಂದು ಸಾಲೂ ಇಲ್ಲ. ತಡೆದವರಿಗೂ ಗೊತ್ತಿಲ್ಲ. ಗೇಟಿನಲ್ಲಿ ನಿಂತು ಕೇಳಿದವರಲ್ಲಿ ನಾನೂ ಒಬ್ಬಳು, ಹಾಗಾಗಿ ಹೇಳುತ್ತಿದ್ದೇನೆ.

ಕೆಂಗೇರಿಯಿಂದ ಹೊರಟು, ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಜೋರು ಮಳೆ. ಆಟೊದವರು ಮೀಟರ್ ಮಾತೇ ಎತ್ತಲಿಲ್ಲ. ಮಂಡಿ ನೋವಿಟ್ಟುಕೊಂಡು ನಡೆದೇ ಹೋದೆ. ಫುಟ್‌ಪಾತ್ ಅಗೆದು ಹಾಗೇ ಬಿಟ್ಟಿದ್ದಾರೆ, ಸೀರೆ ತುಂಬಾ ಕೆಸರು. ಪಿಯುಸಿ ಓದುತ್ತಿರುವ ಮೊಮ್ಮಗಳು ಟ್ಯೂಷನ್ ಬಿಟ್ಟು ಜೊತೆಗೆ ಬಂದಿದ್ದಳು. ಹೋಗಿ ನೋಡಿದರೆ ಗೇಟಿಗೆ ಬೀಗ. ‘ತಾಂತ್ರಿಕ ಕಾರಣ’ ಅಂತ ಒಂದು ಚೀಟಿ ಅಂಟಿಸಿದ್ದರು. ಒಳಗೆ ಕುರ್ಚಿ ಹಾಕಿತ್ತು, ಲೈಟ್ ಉರಿಯುತ್ತಿತ್ತು. ತಾಂತ್ರಿಕವಾಗಿ ಕೆಟ್ಟಿದ್ದು ಏನು? ಹಿರಿಯರೊಬ್ಬರು ಶೌಚಾಲಯಕ್ಕಾದರೂ ಬಿಡಪ್ಪಾ ಎಂದರೆ ಕಾವಲುಗಾರ ಸಾಹೇಬರನ್ನು ಕೇಳಬೇಕು ಅಂದ. ಸಾಹೇಬರ ನಂಬರ್ ಕೇಳಿದರೆ ಅವರು ರಜೆಯಲ್ಲಿದ್ದಾರಂತೆ. ರಜೆಯಲ್ಲಿರುವವರು ಅವತ್ತೇ ಬೆಳಿಗ್ಗೆ ಅನುಮತಿ ವಾಪಸ್ ಪಡೆದ ಪತ್ರಕ್ಕೆ ಸಹಿ ಹಾಕಿದ್ದು ಹೇಗೆ?

ಚರ್ಚೆಗೆ ಇಟ್ಟಿದ್ದು ವಿಜ್ಞಾನಕ್ಕೂ ಧರ್ಮಕ್ಕೂ ತಿಕ್ಕಾಟ ಇರುವ ಥ್ರಿಲ್ಲರ್‌ಗಳನ್ನು. ಒಂದು ಡ್ಯಾನ್ ಬ್ರೌನ್ ಅವರ ‘ಏಂಜೆಲ್ಸ್ ಅಂಡ್ ಡೆಮನ್ಸ್’, 2000ದಲ್ಲಿ ಬಂದದ್ದು. ಜಿನೀವಾ ಹತ್ತಿರದ ಸರ್ನ್ ಎಂಬ ಭೌತವಿಜ್ಞಾನ ಪ್ರಯೋಗಾಲಯದಿಂದ ಪ್ರತಿದ್ರವ್ಯ (ಆಂಟಿಮ್ಯಾಟರ್, ಮಾಮೂಲಿ ದ್ರವ್ಯಕ್ಕೆ ತಾಗಿದರೆ ಎರಡೂ ನಾಶವಾಗಿ ಶಕ್ತಿಯಾಗುವ ವಸ್ತು) ಕಳುವಾಗುತ್ತದೆ. ಹೊಸ ಪೋಪ್ ಆಯ್ಕೆಗೆ ಕಾರ್ಡಿನಲ್‌ಗಳು ಸೇರಿರುವಾಗಲೇ ಅದು ವ್ಯಾಟಿಕನ್‌ನಲ್ಲಿ ಎಲ್ಲೋ ಅಡಗಿದೆ ಅಂತ ತಿಳಿಯುತ್ತದೆ. ಶುರುವಿನಲ್ಲೇ ಕೊಲೆಯಾಗುವ ಭೌತವಿಜ್ಞಾನಿ ಸ್ವತಃ ಪಾದ್ರಿ. ವಿಜ್ಞಾನದ ದಾರಿಯಲ್ಲೇ ದೇವರನ್ನು ಹುಡುಕುತ್ತಿದ್ದವನು. ಇದು ಧರ್ಮವಿರೋಧವೇ? ಇನ್ನೊಂದು ಉಂಬರ್ಟೊ ಎಕೊ ಅವರ 1980ರ ‘ದಿ ನೇಮ್ ಆಫ್ ದಿ ರೋಸ್’. 1327ರ ಒಂದು ಇಟಲಿಯ ಮಠದಲ್ಲಿ ಸಾಲುಸಾಲು ಸಾವುಗಳಾಗುತ್ತವೆ. ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡು, ತರ್ಕ ಹಿಡಿದು ಸುಳಿವು ಹುಡುಕುವವನೂ ಸನ್ಯಾಸಿಯೇ, ಯಾರೂ ಓದಬಾರದು ಅಂತ ಪುಸ್ತಕ ಬಚ್ಚಿಡುವವನೂ ಸನ್ಯಾಸಿಯೇ. ಜಗಳ ಇರುವುದು ಪ್ರಶ್ನೆ ಕೇಳುವವನಿಗೂ ಬಾಯಿ ಮುಚ್ಚಿಸುವವನಿಗೂ. ಭಾನುವಾರ ನಮಗಾದದ್ದೂ ಅದೇ ಅಲ್ವಾ?

ನಾನು ಹೈಸ್ಕೂಲಿನಲ್ಲಿ ಭೌತವಿಜ್ಞಾನ ಪಾಠ ಮಾಡಿದವಳು. ಇಂಥ ಪುಸ್ತಕಗಳಲ್ಲಿ ತಪ್ಪೂ ಜಾಸ್ತಿ ಇರುತ್ತವೆ, ಅದನ್ನು ಮಕ್ಕಳ ಎದುರು ಹೇಳಬೇಕೆಂದೇ ಹೋಗಿದ್ದು. ಸರ್ನ್‌ನಲ್ಲಿ ಈವರೆಗೆ ತಯಾರಾದ ಪ್ರತಿದ್ರವ್ಯವನ್ನೆಲ್ಲ ಒಟ್ಟುಗೂಡಿಸಿದರೂ ಒಂದು ಬಲ್ಬು ಕೆಲವೇ ನಿಮಿಷ ಉರಿಯುವಷ್ಟು ಶಕ್ತಿ ಸಿಗುತ್ತದೆ, ಅಷ್ಟೇ. ಊರು ಸುಡುವ ಬಾಂಬಿನ ಮಾತು ದೂರ. ಹಾಗೆಯೇ, ಚರ್ಚು ಅಂದರೆ ವಿಜ್ಞಾನದ ಶತ್ರು ಅನ್ನುವುದೂ ಪೂರ್ತಿ ನಿಜವಲ್ಲ. 1633ರಲ್ಲಿ ಗೆಲಿಲಿಯೊಗೆ ಶಿಕ್ಷೆ ಕೊಟ್ಟಿದ್ದೂ ಅದೇ ಚರ್ಚು, 1992ರಲ್ಲಿ ತಪ್ಪಾಗಿತ್ತು ಅಂತ ಪೋಪ್ ಒಪ್ಪಿಕೊಂಡಿದ್ದೂ ಅದೇ ಚರ್ಚು. ಇಡೀ ವಿಶ್ವ ಒಂದು ‘ಆದಿಮ ಪರಮಾಣು’ವಿನಿಂದ ಹುಟ್ಟಿತು ಅಂತ 1931ರಲ್ಲಿ ಹೇಳಿದ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಕ್ಯಾಥೊಲಿಕ್ ಪಾದ್ರಿ. ಸರ್ನ್ ಆವರಣದಲ್ಲಿ ನಮ್ಮ ನಟರಾಜನ ವಿಗ್ರಹವೇ ಇದೆ, 2004ರಲ್ಲಿ ಭಾರತ ಸರ್ಕಾರ ಕೊಟ್ಟದ್ದು. ಇದನ್ನೆಲ್ಲ ಮಾತಾಡಿದರೆ ಯಾರ ಭಾವನೆಗೆ ಧಕ್ಕೆಯಾಗುತ್ತದೆ?

ಅದೂ ಗವಿಪುರದಲ್ಲಿ! ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ನಂದಿಯ ಕೊಂಬಿನ ನಡುವೆ ಹಾದು ಬಿಸಿಲು ಲಿಂಗದ ಮೇಲೆ ಬೀಳುವುದನ್ನು ನೋಡಲು ಊರೇ ಸೇರುತ್ತದೆ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ದಕ್ಷಿಣದ ತುದಿ ಮುಟ್ಟಿ, ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗುತ್ತಾನೆ. ಆದ್ದರಿಂದ ಅದೇ ಕೋನದ ಬಿಸಿಲು ನವೆಂಬರ್ ಕೊನೆಗೂ ಒಮ್ಮೆ ಬರಲೇಬೇಕು. ನಾನು ಪ್ರತಿ ಸಂಕ್ರಾಂತಿಗೂ ಕೈ ಮುಗಿಯುತ್ತೇನೆ, ಕೋನದ ಲೆಕ್ಕವನ್ನೂ ಹೇಳಿಕೊಡುತ್ತೇನೆ. ಭಕ್ತಿ ಕಡಿಮೆಯಾಗಿಲ್ಲ. ಕನ್ನಡದ ಯಾವ ಬರಹಗಾರರಾದರೂ ಈ ಗುಡಿ ಇಟ್ಟುಕೊಂಡು ಒಂದು ಥ್ರಿಲ್ಲರ್ ಬರೆದರೆ ನಾನೇ ಮೊದಲು ಓದುತ್ತೇನೆ. ಆದರೆ ಈ ಸ್ಥಿತಿಯಲ್ಲಿ ಬರೆಯುವ ಧೈರ್ಯ ಯಾರಿಗೆ ಬರುತ್ತದೆ?

ಇಲ್ಲಿಂದ ಸ್ವಲ್ಪ ದೂರದ ನ್ಯಾಷನಲ್ ಕಾಲೇಜಿನಲ್ಲಿ ಬಾಳಿದವರು ಎಚ್. ನರಸಿಂಹಯ್ಯನವರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ತನಿಖೆಗೇ ಸಮಿತಿ ಮಾಡಿದ್ದರು. ಎಷ್ಟು ವಿರೋಧ ಬಂದರೂ ಪ್ರಶ್ನೆ ಕೇಳುವುದು ಬಿಡಲಿಲ್ಲ. ಅಂಥವರು ಓಡಾಡಿದ ಕಡೆ ಇವತ್ತು ಕಾದಂಬರಿ ಹೆಸರು ಕೇಳಿದರೇ ಬೀಗ ತೆಗೆಯುವುದಿಲ್ಲ.

ಅಧಿಕಾರಿಗಳ ಈ ಚಾಳಿ ಹಳೆಯದು. ಆಸ್ತಿ ತೆರಿಗೆ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನೂ ನಮ್ಮಿಂದ ವಸೂಲಿ ಮಾಡುತ್ತಾರೆ. ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ನೋಡಿದರೆ ಹೊಸ ಪುಸ್ತಕವಿಲ್ಲ, ಸೂರು ಸೋರುತ್ತದೆ, ಮಧ್ಯಾಹ್ನ ಹೋದರೆ ಬಾಗಿಲು ಹಾಕಿರುತ್ತದೆ. ದೂರು ಕೊಟ್ಟರೆ ಸ್ವೀಕೃತಿ ಇಲ್ಲ. ಅದೇ ಸಭಾಂಗಣವನ್ನು ಮದುವೆ ಆರತಕ್ಷತೆಗೆ, ಪಕ್ಷದವರ ಹುಟ್ಟುಹಬ್ಬಕ್ಕೆ ಕೇಳಿದರೆ ತಕ್ಷಣ ಕೊಡುತ್ತಾರೆ. ಮೈಕ್ ಸದ್ದಿಗೆ ಮಕ್ಕಳ ಪರೀಕ್ಷೆ ಓದು ಹಾಳಾದರೂ ಕೇಳುವವರಿಲ್ಲ. ಓದುವವರು ನಾಲ್ಕು ಜನ ಸೇರಿದರೆ ಮಾತ್ರ ಶಾಂತಿ ಕದಡುತ್ತದಾ?

ಆ ಚರ್ಚೆಗೆ ಮತ್ತೆ ಜಾಗ ಕೊಡಲಿ. ಕೊಡುವುದಿಲ್ಲ ಎಂದಾದರೆ ಯಾವ ಪುಸ್ತಕದ ಯಾವ ಪುಟಕ್ಕೆ ಆಕ್ಷೇಪ, ಯಾರ ಆಕ್ಷೇಪ ಅಂತ ಸಹಿ ಹಾಕಿ ಕೊಡಲಿ. ದೂರದಿಂದ ಬಂದವರ ಕ್ಷಮೆಯನ್ನಾದರೂ ಕೇಳಲಿ. ನೀವೂ ಸುಮ್ನೆ ಅವರು ಹೇಳಿದ್ದನ್ನೇ ಅಚ್ಚು ಹಾಕಬೇಡಿ, ಕಾದಂಬರಿ ಓದಿದವರನ್ನೊಮ್ಮೆ ಕೇಳಿ ಬರೆಯಿರಿ. ತಾವು ತೆರೆದೂ ನೋಡದ ಪುಸ್ತಕಕ್ಕೆ ಹೆದರಿ ಮಕ್ಕಳನ್ನು ಮಳೆಯಲ್ಲಿ ನಿಲ್ಲಿಸಿದ ಅಧಿಕಾರಿಗಳಿಗೆ ನಾಚಿಕೆಯಾಗಬೇಕು.

– ನಿವೃತ್ತ ಶಿಕ್ಷಕಿ, ಕೆಂಗೇರಿ ಉಪನಗರ, ಬೆಂಗಳೂರು